ಯೊಕೊಹಾಮ ಚಿತ್ರಗಳನ್ನು ಓದುವುದು ಹೇಗೆ: ಜಪಾನಿನ ಮರದಚ್ಚಿನಲ್ಲಿ ವಿದೇಶಿಯರು

1859ರ ಬೇಸಿಗೆಯಲ್ಲಿ ವಿದೇಶಿ ವ್ಯಾಪಾರಕ್ಕೆ ತೆರೆದುಕೊಳ್ಳುವ ಮೊದಲು ಯೊಕೊಹಾಮ ಮೀನುಗಾರರ ಸಣ್ಣ ಹಳ್ಳಿಯಾಗಿತ್ತು. ವಿದೇಶಗಳೊಂದಿಗಿನ ವ್ಯಾಪಾರ ಒಪ್ಪಂದದಲ್ಲಿ ಬರೆದಿದ್ದ ಊರು ಪಕ್ಕದ ಕನಗಾವ. ಅದು ಎದೊ ನಗರದಿಂದ, ಅಂದರೆ ಇಂದಿನ ಟೋಕಿಯೊದಿಂದ, ಕ್ಯೋಟೊಗೆ ಹೋಗುವ ತೊಕಾಯ್ದೊ ಹೆದ್ದಾರಿಯ ಮೂರನೆಯ ತಂಗುದಾಣ. ಆ ದಾರಿಯಲ್ಲಿ ವಿದೇಶಿಯರು ಸಮುರಾಯ್‌ಗಳಿಗೆ ಎದುರಾಗುವುದು ಬೇಡವೆಂದು ಶೋಗನ್ (ಆಗ ಜಪಾನನ್ನು ಆಳುತ್ತಿದ್ದ ಸೇನಾಧಿಪತಿ) ಸರ್ಕಾರ ಹೆದ್ದಾರಿಯಿಂದ ದೂರವಿದ್ದ ಯೊಕೊಹಾಮದಲ್ಲಿ ಅವಸರವಾಗಿ ಧಕ್ಕೆ, ಸುಂಕದ ಕಚೇರಿ, ಅಂಗಡಿಬೀದಿಗಳನ್ನು ಕಟ್ಟಿಸಿತು. ಅಮೆರಿಕ, ಬ್ರಿಟನ್, ಫ್ರಾನ್ಸ್, ಹಾಲೆಂಡ್, ರಷ್ಯಾ ಎಂಬ ಐದು ದೇಶಗಳ ಜನ ಅಲ್ಲಿಗೆ ಬಂದಿಳಿದರು.

ಮುಂದಿನ ಮೂರು ವರ್ಷಗಳಲ್ಲಿ ಈ ಹೊಸಬರ ಬಗ್ಗೆ 500ಕ್ಕೂ ಹೆಚ್ಚು ಮರದಚ್ಚಿನ ಚಿತ್ರಗಳು ಹೊರಬಂದವು. ಇವುಗಳಿಗೆ ‘ಯೊಕೊಹಾಮ-ಎ’, ಅಂದರೆ ಯೊಕೊಹಾಮ ಚಿತ್ರಗಳು, ಎಂದು ಹೆಸರು. ಅಲ್ಲಿ ನೆಲೆಸಿದ್ದ ವಿದೇಶಿಯರ ಸಂಖ್ಯೆ ಆಗ ಹೆಚ್ಚೆಂದರೆ ಕೆಲವು ನೂರು. ಚಿತ್ರಗಳನ್ನು ಅಚ್ಚು ಹಾಕಿದವರೂ ಕೊಂಡವರೂ ಬಹುಪಾಲು ಎದೊದವರು; ಅವರಲ್ಲಿ ಹೆಚ್ಚಿನವರು ಒಬ್ಬ ವಿದೇಶಿಯನನ್ನೂ ಹತ್ತಿರದಿಂದ ನೋಡಿದವರಲ್ಲ. ಚಿತ್ರ ಬರೆದವರ ಸ್ಥಿತಿಯೂ ಹಲವು ಬಾರಿ ಅದೇ ಆಗಿತ್ತು.

ಇಂದು ಈ ಚಿತ್ರಗಳನ್ನು ನೋಡುವವರು ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು ಮೂಗು, ಗಡ್ಡ, ಕೆಂಪು ಕೂದಲು ಕಂಡು ನಕ್ಕು ಮುಂದೆ ಹೋಗುತ್ತಾರೆ. ಇನ್ನು ಕೆಲವರು ಆ ಕಾಲದ ಛಾಯಾಚಿತ್ರವೆಂಬಂತೆ ನಂಬಿ ಇತಿಹಾಸದ ಲೇಖನಗಳಿಗೆ ಅಂಟಿಸುತ್ತಾರೆ. ಎರಡರಲ್ಲೂ ಚಿತ್ರ ಕೈತಪ್ಪುತ್ತದೆ. ಕಲಾವಿದ ಯಾವುದನ್ನು ಕಣ್ಣಾರೆ ಕಂಡ, ಯಾವುದನ್ನು ಬೇರೊಂದು ಚಿತ್ರದಿಂದ ತೆಗೆದುಕೊಂಡ, ಯಾವುದನ್ನು ಊಹಿಸಿದ ಎಂದು ಬೇರ್ಪಡಿಸಿದಾಗ ಮಾತ್ರ ಇವು ಮಾತನಾಡುತ್ತವೆ. ಕೆಳಗಿನ ಹೆಜ್ಜೆಗಳೆಲ್ಲ ಆ ಕೆಲಸಕ್ಕಾಗಿ.

ಮೊದಲು ಚಿತ್ರವನ್ನು ಹತ್ತಿರ ತನ್ನಿ

ಇದಕ್ಕೆ ಜಪಾನಿಗೆ ಹೋಗಬೇಕಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್, ಸ್ಮಿತ್‌ಸೋನಿಯನ್ ಸಂಸ್ಥೆಯ ಏಷ್ಯಾ ಕಲಾ ಸಂಗ್ರಹಾಲಯ, ಇವುಗಳ ಜಾಲತಾಣಗಳಲ್ಲಿ ಒಳ್ಳೆಯ ಸಂಗ್ರಹಗಳಿವೆ. ಬಹಳಷ್ಟು ಚಿತ್ರಗಳನ್ನು ದೊಡ್ಡ ಗಾತ್ರದಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು. ‘ಯೊಕೊಹಾಮ’ ಎಂದಷ್ಟೇ ಹುಡುಕಿದರೆ ನಂತರದ ಕಾಲದ ಛಾಯಾಚಿತ್ರಗಳೂ ರಾಶಿ ಬೀಳುತ್ತವೆ. ಆದ್ದರಿಂದ ಸದಹಿದೆ, ಯೊಶಿಕಜು, ಯೊಶಿತೊರ ಎಂಬ ಕಲಾವಿದರ ಹೆಸರಿನಿಂದ ಹುಡುಕಿ. ಮೊಬೈಲ್ ಪರದೆ ಸಾಲದು. ಹಿಗ್ಗಿಸಿದಾಗ ಬಟ್ಟೆಯ ಗುಂಡಿಗಳು ಕಾಣುವಷ್ಟು ದೊಡ್ಡ ಪರದೆ ಬೇಕು.

ಮೊದಲ ಚಿತ್ರಕ್ಕೆ ನನ್ನ ಸಲಹೆ, ಉತಗಾವ ಸದಹಿದೆ 1861ರಲ್ಲಿ ಐದು ಹಾಳೆಗಳಲ್ಲಿ ಬರೆದ, ಯೊಕೊಹಾಮದಲ್ಲಿ ಪಾಶ್ಚಾತ್ಯ ವರ್ತಕರು ಸರಕು ಸಾಗಿಸುವ ದೃಶ್ಯ. ಹಡಗಿನ ಮೈಯೇ ಹಾಳೆಗಳನ್ನು ತುಂಬಿಕೊಂಡಿದೆ. ಹಲಗೆಗಳ ಮೇಲೆ ಹೊರೆ ಹೊತ್ತವರು, ಹಗ್ಗದೇಣಿ ಹತ್ತುವ ನಾವಿಕರು, ಹಿಂದೆ ಬೇರೆ ಹಡಗುಗಳು. ಒಂದು ಸಂಜೆಯನ್ನು ಇದಕ್ಕೇ ಕೊಡಬಹುದು. ಪಕ್ಕದಲ್ಲಿ ಒಂದು ಕಾಗದವಿಟ್ಟುಕೊಂಡು ಮೂರು ಕಲಂ ಎಳೆಯಿರಿ: ಕಂಡದ್ದು, ನಕಲಿಸಿದ್ದು, ಊಹಿಸಿದ್ದು.

ಹಾಳೆಗಳನ್ನು ಎಣಿಸಿ, ಬಲದಿಂದ ಎಡಕ್ಕೆ ನೋಡಿ

ಸಾಮಾನ್ಯ ಹಾಳೆಗೆ ಓಬಾನ್ ಎಂದು ಹೆಸರು. ಸುಮಾರು 37 ಸೆಂ.ಮೀ. ಎತ್ತರ, 25 ಸೆಂ.ಮೀ. ಅಗಲ. ದೊಡ್ಡ ದೃಶ್ಯ ಬೇಕಾದಾಗ ಮೂರು ಹಾಳೆಗಳನ್ನು ಪಕ್ಕಪಕ್ಕ ಜೋಡಿಸುತ್ತಿದ್ದರು. ಕಾಲ ಕಳೆದಂತೆ ಹಾಳೆಗಳು ಬೇರೆ ಬೇರೆ ಕೈಗಳಿಗೆ ಚದುರಿದವು. ಅಂಚಿನಲ್ಲಿ ಅರ್ಧ ತುಂಡಾದ ಕುದುರೆಯೋ ಯಾರದೋ ಕೈಯೋ ಕಂಡರೆ, ನಿಮ್ಮೆದುರಿಗಿರುವುದು ಒಂದು ಗುಂಪಿನ ಒಂಟಿ ಹಾಳೆ ಎಂದು ತಿಳಿಯಿರಿ. ಶೀರ್ಷಿಕೆ ಹೆಚ್ಚಾಗಿ ಬಲಭಾಗದ ಹಾಳೆಯ ಮೇಲ್ತುದಿಯಲ್ಲಿ ಇರುತ್ತದೆ. ನಮ್ಮ ಕಣ್ಣು ಅಭ್ಯಾಸಬಲದಿಂದ ಎಡದಿಂದ ಹೊರಡುತ್ತದೆ. ಬಲಕ್ಕೆ ಎಳೆದು ತಂದು ಆರಂಭಿಸಿದರೆ ಮೆರವಣಿಗೆಗಳೂ ಹಡಗುಗಳೂ ಯಾವ ಕಡೆಯಿಂದ ಯಾವ ಕಡೆಗೆ ಹೊರಟಿವೆ ಎನ್ನುವುದು ಸರಿಹೋಗುತ್ತದೆ.

ದುಂಡು ಮುದ್ರೆಯಿಂದ ತಿಂಗಳು ಹಿಡಿಯಿರಿ

ಈ ಚಿತ್ರಗಳ ದೊಡ್ಡ ಅನುಕೂಲವೆಂದರೆ ಅವು ಹುಟ್ಟಿದ ತಿಂಗಳನ್ನೇ ಹೊತ್ತಿರುವುದು. ಪ್ರಕಟಣೆಗೆ ಮುಂಚೆ ಪ್ರತಿ ಚಿತ್ರವೂ ಪರಿಶೀಲನೆಗೆ ಹೋಗಬೇಕಿತ್ತು. 1859ರಿಂದ 1871ರವರೆಗೆ ಆ ಒಪ್ಪಿಗೆಯ ಗುರುತು ಮತ್ತು ದಿನಾಂಕ ಎರಡೂ ಒಂದೇ ಸಣ್ಣ ದುಂಡು ಮುದ್ರೆಯಲ್ಲಿ ಸೇರಿಕೊಂಡವು. ಅದರಲ್ಲಿ ಮೂರು ಸಂಗತಿಗಳಿರುತ್ತವೆ: ವರ್ಷದ ಪ್ರಾಣಿ, ತಿಂಗಳ ಸಂಖ್ಯೆ, ‘ಪರಿಶೀಲಿಸಿದೆ’ ಎಂಬ ಅಕ್ಷರ.

ಪ್ರಾಣಿಗಳು ಹನ್ನೆರಡು ವರ್ಷಕ್ಕೊಮ್ಮೆ ಮರಳುತ್ತವೆ. ನಮಗೆ ಬೇಕಾದವು ಕೆಲವೇ: 1859 ಕುರಿ, 1860 ಕೋತಿ, 1861 ಹುಂಜ, 1862 ನಾಯಿ, 1863 ಹಂದಿ. ಕೋತಿಯ ಅಕ್ಷರದಲ್ಲಿ ಒಂದು ಚೌಕವನ್ನು ನಡುಗೆರೆ ಸೀಳಿಕೊಂಡು ಮೇಲೂ ಕೆಳಗೂ ಹೊರಬಂದಿರುತ್ತದೆ. ಹುಂಜದ ಅಕ್ಷರ ಮುಚ್ಚಳ ಹಾಕಿದ ಕುಡಿಕೆಯಂತಿದೆ. ಈ ಎರಡನ್ನು ಗುರುತಿಸಲು ಕಲಿತರೆ ಯೊಕೊಹಾಮ ಚಿತ್ರಗಳಲ್ಲಿ ದೊಡ್ಡ ಪಾಲಿನ ವರ್ಷ ಸಿಕ್ಕಂತೆ. ತಿಂಗಳಿನಲ್ಲಿ ಒಂದು, ಎರಡು, ಮೂರು ಅಡ್ಡಗೆರೆಗಳು ಆಯಾ ಸಂಖ್ಯೆಗಳೇ. ಉಳಿದವಕ್ಕೆ ಜಪಾನಿ ಅಂಕಿಗಳ ಪಟ್ಟಿಯೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಇವು ಚಾಂದ್ರಮಾನದ ತಿಂಗಳುಗಳು ಎಂಬುದನ್ನು ಮರೆಯಬೇಡಿ. ಪಂಚಾಂಗ ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಪಾನಿನಲ್ಲಿಯೂ ಅಧಿಕ ಮಾಸವಿತ್ತು. 1860ರಲ್ಲಿ ಮೂರನೆಯ ತಿಂಗಳು, 1862ರಲ್ಲಿ ಎಂಟನೆಯ ತಿಂಗಳು ಎರಡೆರಡು ಬಾರಿ ಬಂದವು. ಮುದ್ರೆಯ ಎರಡನೆಯ ತಿಂಗಳನ್ನು ನೇರವಾಗಿ ಫೆಬ್ರವರಿ ಎಂದು ಬರೆದುಬಿಟ್ಟರೆ ಕೆಲವು ವಾರಗಳ ತಪ್ಪು ನುಸುಳುತ್ತದೆ.

ಆ ವಾರಗಳ ಲೆಕ್ಕ ಯಾಕೆ ಬೇಕೆಂದು ಕೇಳಬಹುದು. ಈ ಪ್ರಕಾರ ಹುಟ್ಟಿ, ಬೆಳೆದು, ಬತ್ತಿಹೋದದ್ದು ಅಷ್ಟು ಬೇಗ. 1860 ಮತ್ತು 1861 ಸುಗ್ಗಿಯ ವರ್ಷಗಳು. 1862ರ ಸೆಪ್ಟೆಂಬರ್‌ನಲ್ಲಿ ನಮಮುಗಿ ಎಂಬಲ್ಲಿ ಸತ್ಸುಮ ಪ್ರಾಂತದ ಪರಿವಾರದ ಸಮುರಾಯ್‌ಗಳು ಚಾರ್ಲ್ಸ್ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ವರ್ತಕನನ್ನು ಕೊಂದರು. ಯುದ್ಧದ ಭಯ ಹರಡಿತು, ಹೊಸತನದ ಬೆರಗೂ ಅಷ್ಟರಲ್ಲಿ ಕರಗಿತ್ತು. ಆಮೇಲಿನ ಚಿತ್ರಗಳು ತೀರ ವಿರಳ.

ಯಾರ ಕೈ, ಯಾರ ಹಣ

ಸಹಿಯ ಕೊನೆಯಲ್ಲಿ ‘ಬರೆದದ್ದು’ ಎನ್ನುವ ಅಕ್ಷರವಿರುತ್ತದೆ. ಅದರ ಮೇಲಿರುವುದು ಕಲಾವಿದನ ಹೆಸರು. ಯೊಶಿಕಜು, ಯೊಶಿತೊರ, ಯೊಶಿಇಕು, ಯೊಶಿತೊಯೊ, ಯೊಶಿಫುಜಿ, ಇವರೆಲ್ಲರ ಹೆಸರಿನ ಮೊದಲ ಅಕ್ಷರ ಒಂದೇ, ಏಕೆಂದರೆ ಇವರೆಲ್ಲ 1861ರಲ್ಲಿ ತೀರಿಕೊಂಡ ಕುನಿಯೊಶಿಯ ಶಿಷ್ಯರು. ಅವನು ಯೋಧರ ಚಿತ್ರಗಳಿಗೆ ಹೆಸರಾದವನು. ವಿದೇಶಿ ವರ್ತಕರು ಬೆನ್ನು ಸೆಟೆಸಿ, ಕಾಲು ಅಗಲಿಸಿ ಯುದ್ಧಕ್ಕೆ ನಿಂತವರ ಹಾಗೆ ಕಂಡರೆ ಅದು ಗುರುಮನೆಯ ವರಸೆ. ಸದಹಿದೆ ಕುನಿಸದ ಎಂಬ ಇನ್ನೊಬ್ಬ ಕಲಾವಿದನ ಶಿಷ್ಯ. ಭೂಪಟಗಳಲ್ಲಿ, ಹಕ್ಕಿನೋಟದ ದೃಶ್ಯಗಳಲ್ಲಿ ಪಳಗಿದವನು. ಆ ಶಿಸ್ತು ಅವನ ಹಡಗುಗಳಲ್ಲೂ ಬೀದಿಗಳಲ್ಲೂ ಕಾಣುತ್ತದೆ.

ಪ್ರಕಾಶಕನ ಮುದ್ರೆಯನ್ನೂ ಹುಡುಕಿ. ಮರುಯ ಜಿನ್‌ಪಚಿ ಎಂಬ ಎದೊ ಪ್ರಕಾಶಕನ ಗುರುತು ಮತ್ತೆ ಮತ್ತೆ ಸಿಗುತ್ತದೆ. ವಿಷಯ ಆರಿಸಿ, ಬಂಡವಾಳ ಹಾಕಿ, ಕೆತ್ತುವವನನ್ನೂ ಅಚ್ಚು ಹಾಕುವವನನ್ನೂ ನೇಮಿಸುತ್ತಿದ್ದವನು ಪ್ರಕಾಶಕ. ಒಂದು ಹಾಳೆ ಒಂದು ಬಟ್ಟಲು ಸೋಬಾ ಶ್ಯಾವಿಗೆಯ ಬೆಲೆಗೆ ಹತ್ತಿರದಲ್ಲಿ ಮಾರಾಟವಾಗುತ್ತಿದ್ದ ಕಾಲ. ನಿಖರತೆಗಾಗಿ ಕಾಯುವಷ್ಟು ವ್ಯವಧಾನ ಆ ಮಾರುಕಟ್ಟೆಗೆ ಇರಲಿಲ್ಲ.

ದೇಶ ಗುರುತಿಸುವಾಗ ಬಾವುಟವನ್ನು ಪೂರ್ತಿ ನಂಬಬೇಡಿ

ಒಂಟಿ ಹಾಳೆಗಳಲ್ಲಿ ದೇಶದ ಹೆಸರು ಬರೆದಿರುತ್ತದೆ. ಬಂದರಿನ ದೃಶ್ಯಗಳಲ್ಲಿ ಬಾವುಟಗಳೇ ಆಧಾರ. ಕೆಂಪು, ಬಿಳಿ, ನೀಲಿ ಪಟ್ಟಿಗಳು ಮೇಲಿನಿಂದ ಕೆಳಕ್ಕೆ ಒಂದರ ಕೆಳಗೊಂದು ಅಡ್ಡಲಾಗಿದ್ದರೆ ಹಾಲೆಂಡ್, ಉದ್ದಕ್ಕೆ ನಿಂತಿದ್ದರೆ ಫ್ರಾನ್ಸ್. ಬಿಳಿ ಮೇಲಿದ್ದು ನೀಲಿ, ಕೆಂಪು ಕೆಳಗಿದ್ದರೆ ರಷ್ಯಾದ ವರ್ತಕ ಹಡಗು. ಬಿಳಿಯ ಮೇಲೆ ಓರೆಯಾದ ನೀಲಿ ಶಿಲುಬೆಯಿದ್ದರೆ ರಷ್ಯಾದ ನೌಕಾಪಡೆ. ಅಮೆರಿಕದ ಬಾವುಟದಲ್ಲಿ ನಕ್ಷತ್ರ ಎಣಿಸಿ ವರ್ಷ ಹೇಳಲು ಹೋಗಬೇಡಿ. ಕಲಾವಿದರು ಕೈಗೆ ಬಂದಷ್ಟು ಬರೆದರು.

ಉದ್ದ ಜಡೆಯ ಚೀನಿಯರ ಮೇಲೆ ವಿಶೇಷ ಗಮನವಿರಲಿ. ಚಿತ್ರಗಳಲ್ಲಿ ಅವರನ್ನು ನಾನ್‌ಕಿಂಗ್ ಜನರೆಂದು ಕರೆದಿದ್ದಾರೆ. ಚೀನಾಕ್ಕೂ ಜಪಾನಿಗೂ ಒಪ್ಪಂದವಾದದ್ದು 1871ರಲ್ಲಿ. ಅದಕ್ಕೆ ಮೊದಲು ಬಂದವರು ಪಾಶ್ಚಾತ್ಯ ಕಂಪನಿಗಳ ನೌಕರರಾಗಿಯೇ ಬಂದರು. ಮಾತು ಬಾರದಿದ್ದರೂ ಅಕ್ಷರ ಬರೆದು ತೋರಿಸಿ ಜಪಾನಿ ವರ್ತಕರೊಂದಿಗೆ ವ್ಯವಹರಿಸಬಲ್ಲವರು ಅವರೊಬ್ಬರೇ. ರೇಷ್ಮೆ, ಚಹಾ ವ್ಯಾಪಾರ ಅವರಿಲ್ಲದೆ ಸಾಗುತ್ತಿರಲಿಲ್ಲ. ಅಂಗಡಿಯ ಒಳಾಂಗಣದ ಚಿತ್ರಗಳಲ್ಲಿ ಅವರು ಎಲ್ಲಿ ಕುಳಿತಿದ್ದಾರೆ, ಅವರ ಕೈಯಲ್ಲಿ ಏನಿದೆ ಎಂದು ನೋಡಿ.

ಮೂರು ಕಲಂಗಳನ್ನು ತುಂಬಿಸಿ

ನಿಜವಾದ ಕೆಲಸ ಇದೇ. ಆತುರ ಬೇಡ.

‘ಕಂಡದ್ದು’ ಕಲಂನಿಂದ ಹೊರಡಿ. ಬೀದಿಯಲ್ಲಿ ಎಲ್ಲರಿಗೂ ಕಾಣುವ ವಸ್ತುಗಳು ಇಲ್ಲಿ ಬರುತ್ತವೆ: ಬೂಟು, ಗುಂಡಿಗಳಿರುವ ಕೋಟು, ಕುದುರೆಯ ಜೀನು, ನಾಯಿಗಳು, ಗಾಜಿನ ಕಿಟಕಿ, ಕುರ್ಚಿಯ ಮೇಲೆ ಕೂರುವ ರೀತಿ. ಯೊಕೊಹಾಮದ ಮುಖ್ಯ ಬೀದಿ ಹೊಂಚೊ, ಸುಂಕದ ಕಚೇರಿ, ಅದರ ಒಂದು ಬದಿಗೆ ಜಪಾನಿ ಪೇಟೆ, ಇನ್ನೊಂದು ಬದಿಗೆ ವಿದೇಶಿಯರ ಕೋಠಿಗಳು, ಇಷ್ಟನ್ನು ನಕ್ಷೆಯೊಂದಿಗೆ ಹೋಲಿಸಿ ನೋಡಬಹುದು. ಕೋಠಿಗಳಿಗೆ ಸಂಖ್ಯೆಗಳಿದ್ದವು; ಒಂದನೆಯ ಸಂಖ್ಯೆ ಜಾರ್ಡಿನ್ ಮ್ಯಾಥೆಸನ್ ಎಂಬ ಬ್ರಿಟಿಷ್ ವ್ಯಾಪಾರಿ ಕಂಪನಿಯದು. ಸಂದೇಹ ಬಂದರೆ ಸದಹಿದೆ 1862ರಿಂದ ಹೊರತಂದ ‘ಯೊಕೊಹಾಮ ಕೈಕೋ ಕೆನ್‌ಬುನ್‌ಶಿ’ ಎಂಬ ಸಚಿತ್ರ ಪುಸ್ತಕದ ಪುಟಗಳನ್ನು ತೆರೆಯಿರಿ. ಅದರಲ್ಲಿರುವ ಅಡುಗೆಮನೆ, ಮಕ್ಕಳು, ಬಟ್ಟೆಬರೆ, ಸಾಮಾನುಗಳ ವಿವರಗಳು ಊರಲ್ಲಿ ಓಡಾಡಿ ಬರೆದವನವು.

ಅವನ ಐದು ಹಾಳೆಗಳ ಹಡಗಿನ ಚಿತ್ರಕ್ಕೆ ಮರಳಿ, ಹಗ್ಗಗಳನ್ನು ಹಿಂಬಾಲಿಸಿ. ಪ್ರತಿ ಹಗ್ಗವೂ ಎಲ್ಲಿಂದಲೋ ಹೊರಟು ಎಲ್ಲಿಗೋ ತಲುಪುತ್ತದೆ. ಊಹೆಯಿಂದ ಬರೆದವನ ಹಗ್ಗಗಳು ನಡುವೆ ಮಾಯವಾಗುತ್ತವೆ. ಸದಹಿದೆಯನ್ನು ಈ ಗುಂಪಿನ ಮೊದಲಿಗನೆಂದು ನಾನು ಎಣಿಸುವುದು ಈ ಕಾರಣಕ್ಕೆ: ದುಡಿಮೆ ಹೇಗೆ ನಡೆಯುತ್ತದೆ ಎಂಬುದರಲ್ಲಿ ಅವನಿಗೆ ಆಸಕ್ತಿಯಿತ್ತು. ಹೊರೆ ಹೊತ್ತವನ ಬೆನ್ನು ಎಷ್ಟು ಬಾಗುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು.

‘ನಕಲಿಸಿದ್ದು’ ಕಲಂಗೆ ಮೊದಲ ಸುಳಿವು ಗೆರೆಯ ಬಗೆ. ಜಪಾನಿ ಮರದಚ್ಚು ಹರಿಯುವ ಹೊರಗೆರೆ ಮತ್ತು ಸಮತಟ್ಟಾದ ಬಣ್ಣದ ಮೇಲೆ ನಿಂತಿದೆ. ಹಾಗಿರುವಾಗ ಒಂದು ಕಟ್ಟಡದ ಗೋಡೆಯ ಮೇಲೆ ಸಮಾನಾಂತರ ಸಣ್ಣ ಗೆರೆಗಳಿಂದ ನೆರಳು ಬರೆದಿದ್ದರೆ, ಅದು ಯುರೋಪಿನ ಲೋಹದ ಅಚ್ಚಿನಿಂದಲೋ ಸಚಿತ್ರ ಪತ್ರಿಕೆಯಿಂದಲೋ ಬಂದದ್ದು. ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’, ಅಮೆರಿಕದ ‘ಫ್ರ್ಯಾಂಕ್ ಲೆಸ್ಲೀಸ್’ ಮುಂತಾದ ವಾರಪತ್ರಿಕೆಗಳು ಹಡಗುಗಳೊಂದಿಗೆ ಯೊಕೊಹಾಮಕ್ಕೆ ಬರುತ್ತಿದ್ದವು. ಲಂಡನ್, ಪ್ಯಾರಿಸ್, ವಾಷಿಂಗ್ಟನ್ ನಗರಗಳ ದೃಶ್ಯಗಳು ಹೆಚ್ಚಾಗಿ ಅಂಥ ಪುಟಗಳಿಂದ ಎತ್ತಿದವು. ಕಲಾವಿದನಿಗೆ ಪತ್ರಿಕೆಯ ಅಡಿಬರಹ ಓದಲು ಬರುತ್ತಿರಲಿಲ್ಲ. ಹಾಗಾಗಿ ಒಂದು ಊರಿನ ಕಟ್ಟಡ ಇನ್ನೊಂದು ಊರಿನ ಹೆಸರು ಹೊತ್ತು ನಿಂತದ್ದೂ ಉಂಟು.

ಹೆಂಗಸರ ಚಿತ್ರಗಳಲ್ಲಿ ಇದು ಇನ್ನೂ ಸ್ಪಷ್ಟ. ಮೊದಲ ವರ್ಷಗಳಲ್ಲಿ ಯೊಕೊಹಾಮದಲ್ಲಿ ಪಾಶ್ಚಾತ್ಯ ಮಹಿಳೆಯರು ಬೆರಳೆಣಿಕೆಯಷ್ಟು. ಆದರೆ ಚಿತ್ರಗಳ ತುಂಬ ಬುಟ್ಟಿಯಂತೆ ಉಬ್ಬಿದ ಲಂಗದ ಹೆಂಗಸರಿದ್ದಾರೆ. ಲಂಗವನ್ನು ಬಿಟ್ಟು ಮುಖ ನೋಡಿ: ಉದ್ದ ಮೂಗು, ಸಣ್ಣ ಬಾಯಿ, ಮುಕ್ಕಾಲು ತಿರುಗಿದ ತಲೆ. ಎದೊದ ಸುಂದರಿಯರ ಚಿತ್ರಗಳಲ್ಲಿ ದಶಕಗಳಿಂದ ಬರೆದುಕೊಂಡು ಬಂದ ಮುಖವೇ ಅದು. ಉಡುಪು ಪತ್ರಿಕೆಯದು, ಮುಖ ಕಲಾಶಾಲೆಯದು. ಒಂದೇ ಆಕೃತಿಯನ್ನು ಎರಡು ಸಾಲಿನಲ್ಲಿ ಬರೆದುಕೊಳ್ಳಲು ಹಿಂಜರಿಯಬೇಡಿ.

‘ಊಹಿಸಿದ್ದು’ ಕಲಂಗೆ ನನ್ನ ಪ್ರೀತಿಯ ಉದಾಹರಣೆ ಯೊಶಿಕಜು 1861ರಲ್ಲಿ ಬರೆದ ಅಮೆರಿಕದ ಉಗಿಬಂಡಿಯ ಚಿತ್ರ. ಜಪಾನಿನಲ್ಲಿ ಶಿಂಬಾಶಿ ಮತ್ತು ಯೊಕೊಹಾಮ ನಡುವೆ ಮೊದಲ ರೈಲು ಮಾರ್ಗ ತೆರೆದದ್ದು 1872ರಲ್ಲಿ. ಅಂದರೆ ಹನ್ನೊಂದು ವರ್ಷ ಮುಂಚಿನ ಚಿತ್ರವಿದು. ಹೊಗೆಕೊಳವೆ, ಗಾಲಿ, ಪ್ರಯಾಣಿಕರು ಎಲ್ಲ ಇದ್ದಾರೆ. ಈ ಭಾಗ ಆ ಭಾಗವನ್ನು ಹೇಗೆ ತಿರುಗಿಸುತ್ತದೆ ಎಂದು ಕೇಳಿಕೊಂಡು ನೋಡಿ, ಉತ್ತರ ಸಿಗುವುದಿಲ್ಲ. ಆ ಕಾಲದ ಎದೊದಲ್ಲಿ ರೈಲಿನ ಬಗ್ಗೆ ಜನರಿಗೆ ಏನೇನು ಗೊತ್ತಿತ್ತು ಎಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕ ದಾಖಲೆ ಬೇರೆ ಬೇಕೇ?

ಬಂದವರು ಮನುಷ್ಯರಷ್ಟೇ ಆಗಿರಲಿಲ್ಲ. 1863ರಲ್ಲಿ ಎದೊದ ರ್‍ಯೋಗೊಕುವಿನಲ್ಲಿ ಆನೆಯೊಂದನ್ನು ಪ್ರದರ್ಶನಕ್ಕಿಟ್ಟರು. ಯೊಶಿತೊಯೊ ಮೊದಲಾದವರು ಅದನ್ನು ಬರೆದರು. ಆನೆ ಕಂಡು ಬೆಳೆದ ನಮ್ಮ ಕಣ್ಣು ಇಲ್ಲಿ ಒಳ್ಳೆಯ ಅಳತೆಗೋಲು. ಮೊಣಕಾಲು ಮಡಿಯುವ ಬಗೆ, ಕಿವಿ ಹತ್ತಿಕೊಂಡಿರುವ ಜಾಗ, ಚರ್ಮದ ಸುಕ್ಕು ಇವನ್ನು ಪರೀಕ್ಷಿಸಿ, ಯಾರು ನಿಜವಾಗಿ ಹೋಗಿ ನೋಡಿ ಬರೆದರು ಎಂದು ನೀವೇ ತೀರ್ಮಾನಿಸಬಹುದು.

ಬರಹವನ್ನು ಬಿಡಬೇಡಿ

ಎಷ್ಟೋ ಹಾಳೆಗಳ ಮೇಲ್ಭಾಗದಲ್ಲಿ ದಟ್ಟವಾದ ಬರಹವಿದೆ. ಕನಗಾಕಿ ರೊಬುನ್ ಎಂಬ ಜನಪ್ರಿಯ ಲೇಖಕ ಇಂಥ ಬಹಳಷ್ಟು ಟಿಪ್ಪಣಿಗಳನ್ನು ಬರೆದ. ಆ ದೇಶ ಎಲ್ಲಿದೆ, ಅಲ್ಲಿ ಏನು ಬೆಳೆಯುತ್ತದೆ, ಜನರ ಸ್ವಭಾವವೇನು ಎಂಬ ಪರಿಚಯ ಅವುಗಳಲ್ಲಿರುತ್ತದೆ. ಅಕ್ಷರಗಳು ಕೂಡುಬರಹದವು, ಇಂದಿನ ಜಪಾನಿಯರಿಗೂ ಸುಲಭವಾಗಿ ಓದಲು ಬರುವುದಿಲ್ಲ. ಮೊದಲು ಸಂಗ್ರಹಾಲಯದ ವಿವರಪುಟದಲ್ಲಿ ಅನುವಾದವಿದೆಯೇ ನೋಡಿ. ಇಲ್ಲದಿದ್ದರೆ ಜಪಾನಿನ ಸಂಶೋಧಕರು 2021ರಲ್ಲಿ ಉಚಿತವಾಗಿ ಕೊಟ್ಟ ‘ಮಿವೊ’ ಎಂಬ ಮೊಬೈಲ್ ಆ್ಯಪ್ ಹಳೆಯ ಕೂಡುಬರಹವನ್ನು ಇಂದಿನ ಅಕ್ಷರಗಳಿಗೆ ತಿರುಗಿಸಿಕೊಡುತ್ತದೆ. ಅದು ಅಲ್ಲಲ್ಲಿ ತಪ್ಪುತ್ತದೆ, ಆದರೆ ಊರಿನ ಹೆಸರು, ಸರಕಿನ ಹೆಸರು ಹಿಡಿಯಲು ಸಾಕು.

ಚಿತ್ರದಲ್ಲಿ ಇಲ್ಲದ್ದನ್ನು ಕೇಳಿ

ಬಂದರು ತೆರೆದ ಕೆಲವೇ ವಾರಗಳಲ್ಲಿ ಯೊಕೊಹಾಮದ ಬೀದಿಯಲ್ಲಿ ರಷ್ಯಾದ ನಾವಿಕರ ಕೊಲೆಯಾಯಿತು. 1861ರ ಜನವರಿಯಲ್ಲಿ ಅಮೆರಿಕ ದೂತಾವಾಸದ ದುಭಾಷಿ ಹೆನ್ರಿ ಹ್ಯೂಸ್ಕನ್‌ನನ್ನು ಎದೊದಲ್ಲಿ ಕಡಿದರು. ಅದೇ ವರ್ಷದ ಜುಲೈನಲ್ಲಿ ತೊಜೆನ್‌ಜಿ ದೇವಾಲಯದಲ್ಲಿದ್ದ ಬ್ರಿಟಿಷ್ ದೂತಾವಾಸದ ಮೇಲೆ ದಾಳಿ ನಡೆಯಿತು. ಜಪಾನಿನ ಚಿನ್ನದ ನಾಣ್ಯಗಳು ಅಗ್ಗದ ವಿನಿಮಯದಲ್ಲಿ ಹೊರಗೆ ಹರಿದವು, ರೇಷ್ಮೆಯ ಬೆಲೆ ಏರಿತು. ಅದೇ ತಿಂಗಳುಗಳ ಮುದ್ರೆ ಹೊತ್ತ ಚಿತ್ರಗಳಲ್ಲಿ ವಿದೇಶಿಯರು ಹಾಡುತ್ತಿದ್ದಾರೆ, ಕುದುರೆ ಸವಾರಿ ಮಾಡುತ್ತಿದ್ದಾರೆ, ಮಕ್ಕಳನ್ನು ಎತ್ತಿಕೊಂಡಿದ್ದಾರೆ. ಪರಿಶೀಲನೆಯ ಮುದ್ರೆ ಬೇಕಾದ ಹಾಳೆಯಲ್ಲಿ ರಕ್ತಕ್ಕೆ ಜಾಗವಿರಲಿಲ್ಲ. ಅಸಮಾಧಾನ ಬೇರೆ ವೇಷದಲ್ಲಿ ಹೊರಬಂತು: ಯೊಶಿಫುಜಿಯ 1861ರ ಹಾಳೆಯಲ್ಲಿ ಸುಮೊ ಜಟ್ಟಿಯೊಬ್ಬ ವಿದೇಶಿಯನನ್ನು ಎತ್ತಿ ಒಗೆಯುತ್ತಿದ್ದಾನೆ.

ಗನ್‌ಕಿರೊ ಎಂಬ ವಿಲಾಸಗೃಹದ ಚಿತ್ರಗಳನ್ನು ನೋಡುವಾಗ ಇನ್ನಷ್ಟು ಎಚ್ಚರ ಬೇಕು. 1860ರಲ್ಲಿ ಯೊಶಿಇಕು ಅಲ್ಲಿ ಐದು ದೇಶಗಳವರು ಕೂಡಿ ಕುಡಿಯುವ ದೃಶ್ಯ ಬರೆದ. ಬೀಸಣಿಗೆಗಳ ಅಲಂಕಾರದ ಕೋಣೆ, ವಾದ್ಯಗಳು, ಬಣ್ಣಗಳು ಕಣ್ಣನ್ನು ಸೆಳೆಯುತ್ತವೆ. ಸರ್ಕಾರದ ಅನುಮತಿಯಿಂದ ಕಟ್ಟಿದ ಆ ವೇಶ್ಯಾಕೇರಿಯ ಹೆಣ್ಣುಮಕ್ಕಳು ಸಾಲದ ಕರಾರಿಗೆ ಸಿಕ್ಕವರು. ಅವರ ಉಡುಪಿನ ಒಂದೊಂದು ಎಳೆಯನ್ನೂ ಬರೆದ ಚಿತ್ರದಲ್ಲಿ ಅವರ ಪಾಡಿನ ಸುಳಿವೂ ಇಲ್ಲ. 1866ರ ಬೆಂಕಿಯಲ್ಲಿ ಆ ಕೇರಿ ಸುಟ್ಟುಹೋಯಿತು. ಈಗ ಅಲ್ಲಿ ಯೊಕೊಹಾಮ ಉದ್ಯಾನವಿದೆ.

ಒಂದು ನಾಗಸಾಕಿ ಚಿತ್ರವನ್ನು ಪಕ್ಕದಲ್ಲಿಡಿ

1641ರಿಂದ ಡಚ್ಚರು ನಾಗಸಾಕಿಯ ದೆಜಿಮ ಎಂಬ ಕಟ್ಟಿದ ನಡುಗಡ್ಡೆಯಲ್ಲೇ ಇರಬೇಕಿತ್ತು. ಅವರ ಹಡಗು, ಊಟದ ಮೇಜು, ಕೊಡೆ ಹಿಡಿದ ಜಾವಾ ಸೇವಕರು ಇವೆಲ್ಲ ಆ ಊರಿನ ಅಗ್ಗದ ಅಚ್ಚುಗಳ ವಸ್ತುಗಳು. ಬಣ್ಣ ಕಡಿಮೆ, ಕೆತ್ತನೆ ಒರಟು, ಆಕೃತಿಗಳು ಬಿಗಿ. ಆದರೂ ದಿನವೂ ಕಂಡವರನ್ನು ಬರೆದ ಸಲಿಗೆ ಅವುಗಳಲ್ಲಿದೆ. ಒಳ್ಳೆಯ ಸಂಗ್ರಹ ಕೋಬೆ ನಗರದ ವಸ್ತುಸಂಗ್ರಹಾಲಯದಲ್ಲಿದೆ.

ಕೊಳ್ಳುವ ಮನಸ್ಸಿದ್ದರೆ

ಭೂತಗನ್ನಡಿಯಲ್ಲಿ ಸಾಲಾದ ಬಣ್ಣದ ಚುಕ್ಕೆಗಳು ಕಂಡರೆ ಅದು ಆಧುನಿಕ ಮುದ್ರಣ, ಬಿಟ್ಟುಬಿಡಿ. ಕೈಯಿಂದ ಉಜ್ಜಿ ತೆಗೆದ ಅಚ್ಚಿನಲ್ಲಿ ಬಣ್ಣ ಕಾಗದದ ನಾರಿನೊಳಗೆ ಇಳಿದು ಬೆನ್ನಿನಲ್ಲಿಯೂ ಕಾಣುತ್ತದೆ. ದಟ್ಟ ಬಣ್ಣದ ಭಾಗದಲ್ಲಿ ಮರದ ಎಳೆ ಮೂಡಿರುತ್ತದೆ. ಆದರೆ ಮರದಿಂದಲೇ ಮರುಕೆತ್ತಿದ ನಂತರದ ಪ್ರತಿಗಳೂ ಇವೆ. ಆದ್ದರಿಂದ ಸಂಗ್ರಹಾಲಯದ ಪ್ರತಿಯ ಪಕ್ಕದಲ್ಲಿಟ್ಟು ಸಹಿಯ ಗೆರೆಗಳನ್ನು, ಒಡೆದ ಅಂಚುಗಳನ್ನು ಒಂದೊಂದಾಗಿ ಹೋಲಿಸಿ. 1860ರ ಚಿತ್ರವೆಂದು ಹೇಳಿ ಕಣ್ಣಿಗೆ ಹೊಡೆಯುವ ನೇರಳೆ ಬಣ್ಣದ ಹಾಳೆ ಕೊಟ್ಟರೆ ಪ್ರಶ್ನಿಸಿ. ಅಂಥ ರಾಸಾಯನಿಕ ಬಣ್ಣಗಳು ಹರಡಿದ್ದು ಆಮೇಲೆ. ಮೂರು ಹಾಳೆಗಳ ಗುಂಪಿನಲ್ಲಿ ಒಂದು ಹಾಳೆಯ ಬಣ್ಣ ಉಳಿದೆರಡಕ್ಕಿಂತ ಮಾಸಿದ್ದರೆ ಅವು ಬೇರೆ ಬೇರೆ ಪ್ರತಿಗಳಿಂದ ಕೂಡಿಸಿದವಾಗಿರಬಹುದು. ಬೆಲೆ ಹೇಳುವಾಗ ಅದನ್ನು ಲೆಕ್ಕಕ್ಕೆ ತನ್ನಿ. ಕುಸುಂಬೆಯಿಂದ ತೆಗೆದ ಕೆಂಪು ಬೆಳಕಿಗೆ ಬೇಗ ಮಾಸುತ್ತದೆ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಆಮ್ಲರಹಿತ ಕಾಗದದ ನಡುವೆ ಚಪ್ಪಟೆಯಾಗಿ ಇಟ್ಟು, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆರೆದು ಬೂಸ್ಟು ಬಂದಿದೆಯೇ ಎಂದು ನೋಡಿ.